ಜಪಾನಿನ ಕೋಟೆ, ದೇವದುರ್ಗದ ಓಣಿ

"ಸರ್, ಆ ದೊರಿ ಒಂದ್ ತಿಂಗಳ ಮೊದ್ಲ ಯಾಕ ಸಾಯ್ಲಿಲ್ರೀ?"

ಇಪ್ಪತ್ತು ವರ್ಷದಿಂದ ರಾಯಚೂರಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೇನೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಿದವಳು ರೇಣುಕಾ. ದೇವದುರ್ಗದ ಕಡೆಯ ಹಳ್ಳಿಯವಳು, ಹಾಸ್ಟೆಲ್‌ನಲ್ಲಿದ್ದು ಬಿ.ಎ. ಓದುತ್ತಾಳೆ. ಮಾತು ಕಡಿಮೆ.

ಅವತ್ತಿನ ಪಾಠ ಮಧ್ಯಯುಗದ ಜಪಾನ್. ಮನೆತನಕ್ಕೊಂದು ಕೋಟೆ, ಕೋಟೆಗೊಬ್ಬ ದೊರೆ, ಮುಗಿಯದ ಹಗೆ. (ಪರೀಕ್ಷೆಯಲ್ಲಿ ಇದಕ್ಕೆ ಐದು ಅಂಕ, ಅಷ್ಟೇ.) ಹುಡುಗರು ಆಕಳಿಸುತ್ತಿದ್ದರು. ಸರಿ, ಒಂದು ಮುತ್ತಿಗೆಯ ಕಥೆ ಹೇಳಿದೆ.

ಒಬ್ಬ ಸೇನಾಪತಿಗೆ ಬೆಟ್ಟದ ಮೇಲಿನ ಕೋಟೆ ಬೇಕು. ಅವನು ಕತ್ತಿ ಎತ್ತಲಿಲ್ಲ. ಮೊದಲು ವ್ಯಾಪಾರಿಗಳನ್ನು ಕಳಿಸಿ ಸುತ್ತಲಿನ ಅಕ್ಕಿಯನ್ನೆಲ್ಲ ಹೆಚ್ಚಿನ ಬೆಲೆಗೆ ಕೊಳ್ಳಿಸಿದ. ಕೋಟೆಯವರೂ ಆಸೆಗೆ ಬಿದ್ದು ತಮ್ಮ ದಾಸ್ತಾನು ಮಾರಿಕೊಂಡರು. ಆಮೇಲೆ ಹಳ್ಳಿಯವರನ್ನೆಲ್ಲ ಬೆದರಿಸಿ ಕೋಟೆಯೊಳಕ್ಕೆ ಓಡಿಸಿದ, ಉಣ್ಣುವ ಬಾಯಿ ಹೆಚ್ಚಲಿ ಎಂದು. ಬಳಿಕ ಸುತ್ತ ಬೇಲಿ ಕಟ್ಟಿ ಸುಮ್ಮನೆ ಕೂತ. ಒಳಗಿನವರು ಹುಲ್ಲು ತಿಂದರು. ಕುದುರೆ ತಿಂದರು. ಆಮೇಲೆ ತಿಂದದ್ದನ್ನು ಕ್ಲಾಸಿನಲ್ಲೂ ಹೇಳಲಿಲ್ಲ, ಇಲ್ಲೂ ಬರೆಯಲಾರೆ. ಕೊನೆಗೆ ದೊರೆ, ಉಳಿದವರನ್ನು ಬಿಟ್ಟುಬಿಡಿ ಎಂದು ಹೇಳಿಕಳಿಸಿ, ತನ್ನ ಹೊಟ್ಟೆ ತಾನೇ ಸೀಳಿಕೊಂಡು ಸತ್ತ. ಬಾಗಿಲು ತೆರೆಯಿತು.

"ಎಂಥ ತ್ಯಾಗ" ಅಂದೆ. ಆಗಲೇ ರೇಣುಕಾ ಎದ್ದು ಆ ಪ್ರಶ್ನೆ ಕೇಳಿದ್ದು.

ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿಗೆ ಕರೆದೆ. "ಯಾಕವ್ವಾ ಹಂಗ ಕೇಳ್ದಿ?"

"ನಮ್ಮ ಓಣಿಗೂ ಮುತ್ತಿಗಿ ಹಾಕಿದ್ರು, ಸರ್."

ಊರಂಚಿನ ಆ ಓಣಿಯಲ್ಲಿರುವುದು ಅವರದೇ ಎಂಟು ಮನೆ. ರೇಣುಕಾ ರಜೆಗೆ ಹೋಗಿದ್ದಾಗ ಊರೊಳಗಿನ ದಾಯಾದಿಗಳ ಜೊತೆ ಹೊಲದ ದಾರಿಗಾಗಿ ಜಗಳ. ರೇಣುಕಾಳ ಕಾಕಾ ಆ ದಾಯಾದಿಗಳ ಹುಡುಗನೊಬ್ಬನ ಕೈ ಮುರಿದ. ಊರ ಹಿರಿಯರು ಕೂತು, ಮನೆತನದ ಯಜಮಾನ ಚಾವಡಿಗೆ ಬಂದು ತಪ್ಪಾಯ್ತು ಅನ್ನಲಿ ಎಂದರು. ಯಜಮಾನ ಅಂದರೆ ರೇಣುಕಾಳ ತಾತ. ಅವರು ಹೋಗಲಿಲ್ಲ.

ಮರುದಿನ ದಾಯಾದಿಗಳು ಓಣಿಯ ಬಾಯಿಗೆ ಬಂಡೆಗಲ್ಲು, ಜಾಲಿ ಮುಳ್ಳು ತಂದು ಹಾಕಿದರು. ನಳ ಬಂದ್. ಗಿರಣಿಯವನು ಜೋಳ ಬೀಸಲಿಲ್ಲ. ಅಂಗಡಿಯವನು ಮುಖ ತಿರುಗಿಸಿದ. ಇಪ್ಪತ್ತು ದಿನ. (ಪೊಲೀಸರಿಗೆ ಹೇಳಬಹುದಿತ್ತಲ್ಲ ಅಂದೆ. "ಠಾಣೆ ಹತ್ತಿದ್ರ ಮನಿತನದ ಮರ್ಯಾದಿ ಹೋಗ್ತದಂತ ತಾತ ಬಿಡ್ಲಿಲ್ರೀ" ಅಂದಳು.)

ರೇಣುಕಾಳ ಅಣ್ಣನ ಹೆಂಡತಿ ಮಂಜುಳಾಗೆ ಆಗ ಎಂಟು ತಿಂಗಳು. ಒಂದು ಮಧ್ಯಾಹ್ನ ನೋವು ಶುರುವಾಯಿತು. ಅಂಬುಲೆನ್ಸ್ ಬಂತು, ಬಂಡೆಗಳ ಆಚೆ ನಿಂತಿತು. ಹೊರಸಿನ ಮೇಲೆ ಮಲಗಿಸಿ, ಹಿಂದಿನ ಹತ್ತಿ ಹೊಲದಲ್ಲಿ ಸುತ್ತುಬಳಸಿ ಹೊತ್ತುಕೊಂಡು ಹೊರಟರು. ಹೊರಸಿನ ಒಂದು ಕಾಲು ರೇಣುಕಾಳ ಹೆಗಲ ಮೇಲೆ.

"ಹೊಲದಾಗ ಆತು, ಸರ್. ಹೆಣ್ಣು. ಅಳ್ಲೇ ಇಲ್ಲ."

ಸುದ್ದಿ ಕೇಳಿ ಎದುರು ಪಂಗಡದ ಹೆಂಗಸರೇ ಓಡಿ ಬಂದರಂತೆ. ಗಂಡಸರನ್ನು ಕೇಳದೆ, ಬರಿಗೈಯಲ್ಲಿ ಮುಳ್ಳು ಎಳೆದು, ಬಂಡೆ ಉರುಳಿಸಿದರಂತೆ.

"ನಮ್ಮ ತಾತಗ ಜೀವ ಕೊಡು ಅಂತ ಯಾರೂ ಕೇಳಿದ್ದಿಲ್ಲ, ಸರ್. ತಪ್ಪಾತು ಅನ್ನು ಅಂದಿದ್ರು, ಅಷ್ಟ."

ಕಳೆದ ಭಾನುವಾರ ಅವಳ ಊರಿಗೆ ಹೋಗಿದ್ದೆ. ಯಾಕೆ ಹೋದೆ? ಇತಿಹಾಸದ ಮೇಷ್ಟ್ರು, ಕಣ್ಣಾರೆ ನೋಡಿದ ಮುತ್ತಿಗೆ ಒಂದೂ ಇಲ್ಲ. ಅದೇ ಇರಬೇಕು.

ಕಟ್ಟೆಯ ಮೇಲೆ ತಾತ ಕೂತಿದ್ದರು. ಬಿಳಿ ರುಮಾಲು, ನೆಟ್ಟಗಿನ ಬೆನ್ನು. "ಬರ್ರೀ ಸರ, ಕುಂಡ್ರಿ" ಎಂದು ಬಾಯಿತುಂಬ ಕರೆದರು. ಕೇಳಬಾರದೆಂದುಕೊಂಡಿದ್ದೆ, ಅವರೇ ಮುತ್ತಿಗೆಯ ಮಾತು ತೆಗೆದರು.

"ನಮ್ಮ ಮನಿತನ ಯಾರ ಮುಂದೂ ಬಗ್ಗಿಲ್ರೀ. ಕಡೀಕ ಕಲ್ಲು ತೆಗದವ್ರು ಅವ್ರ ಮನಿ ಮಂದಿ, ನಾವಲ್ಲ. ಗೆದ್ದವ್ರು ಯಾರಾತು, ನೀವ ಹೇಳ್ರಿ."

ಅಷ್ಟರಲ್ಲಿ ಒಳಗಿಂದ ಚಹಾ ಬಂತು. ತಂದವಳು ಮಂಜುಳಾ. ತಾತನ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು. ಕಪ್ಪನ್ನು ಅವರ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ನನ್ನದನ್ನು ನನ್ನ ಕೈಗೇ ಕೊಟ್ಟಳು.

ಗೆದ್ದವರ ಮನೆಯ ಆ ಚಹಾವನ್ನು ಕುಡಿಯದೆ ತಾತನ ಕಪ್ಪಿನ ಪಕ್ಕದಲ್ಲೇ ಇಟ್ಟು ಎದ್ದೆ; ನೀವಾಗಿದ್ದರೆ ಕುಡಿಯುತ್ತಿದ್ದಿರಾ?