ಅವಳ ದುಡ್ಡು ನನ್ನ ಟ್ರಂಕಿನಲ್ಲಿ

ನಮ್ಮ ಮನೆಯಲ್ಲಿ ದುಡ್ಡಿದೆ ಎಂದು ಗೊತ್ತಾದರೆ ಸಾಕು, ಎಲ್ಲರಿಗೂ ಏನಾದರೊಂದು ಆಪತ್ತು ಬಂದುಬಿಡುತ್ತದೆ. ಗಂಡನಿಗೆ ಗಾಡಿಯ ಟೈರು, ಅತ್ತೆಗೆ ತವರಿನ ಮದುವೆಯ ಮುಯ್ಯಿ, ಮಕ್ಕಳಿಗೆ ಶಾಲೆಯ ಪ್ರವಾಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮದು ಒಂದು ಹಾಸಿಗೆ, ಐದು ಜೋಡಿ ಕಾಲು. ಕಷ್ಟಕಾಲಕ್ಕೆಂದು ಎತ್ತಿಟ್ಟದ್ದು ಕಷ್ಟ ಬರುವ ಮೊದಲೇ ಕರಗುತ್ತಿತ್ತು. ಬ್ಯಾಂಕಿನಲ್ಲಿಡು ಎನ್ನುವವರಿದ್ದಾರೆ. ಇಟ್ಟು ನೋಡಿದ್ದೇನೆ, ಫೋನ್ ಒತ್ತಿದರೆ ಹೊರಟುಹೋಗುತ್ತದೆ.

ಉಪಾಯ ಹೇಳಿಕೊಟ್ಟವಳು ರೈಲಿನ ಗೆಳತಿ. ಇಬ್ಬರೂ ಬೆಂಗಳೂರಿನ ಕಚೇರಿಗಳಲ್ಲಿ ನೆಲ ಒರೆಸುವವರು, ಅವಳದೊಂದು ಕಟ್ಟಡ, ನನ್ನದೊಂದು. ಅವಳು ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ ಪಕ್ಕದಲ್ಲಿ ನನಗೆ ಜಾಗ ಹಿಡಿದಿರುತ್ತಾಳೆ, ನಾನು ಬಂಗಾರಪೇಟೆಯಲ್ಲಿ ಹತ್ತುತ್ತೇನೆ. ಅವಳದು ಚಿನ್ನದ ಗಣಿಯವರ ಹಳೆಯ ಸಾಲುಮನೆಯಲ್ಲಿ ವಾಸ, ಮಾತು ಅರ್ಧ ತಮಿಳು.

"ನನ್ ದುಡ್ಡು ನೀನ್ ಇಟ್ಕೋ ಅಕ್ಕಾ, ನಿಂದು ನಾನ್ ಇಟ್ಕೋತೀನಿ. ಜೀವಕ್ಕೆ ಬಂದ್ರೆ ಮಾತ್ರ ವಾಪಸ್. ನಾನ್ ಅತ್ರೂ ಕೊಡ್ಬೇಡ," ಎಂದಳು.

ಪ್ರತಿ ಶನಿವಾರ ಅವಳಿಂದ ನನಗೆ ಇನ್ನೂರು ರೂಪಾಯಿ, ನನ್ನಿಂದ ಅವಳಿಗೆ ಇನ್ನೂರು. ಬೋಗಿಯ ಹೆಂಗಸರು ನಕ್ಕರು. ನಗಲಿ. ಪರರ ದುಡ್ಡಿಗೆ ಕೈಹಾಕಲು ಹೆದರಿಕೆ ಇರುತ್ತದಲ್ಲ, ಅದೇ ನಮ್ಮ ಬೀಗ. ಒಂದೂವರೆ ವರ್ಷ ಹಾಗೇ ನಡೆಯಿತು.

ಕಳೆದ ಮಳೆಗಾಲದಲ್ಲಿ ಅವಳ ಮನೆ ಮೇಲಿನ ಶೀಟು ಒಡೆಯಿತು. ತನ್ನ ದುಡ್ಡು ಕೊಡು ಎಂದಳು.

"ಸೋರಿದ್ರೆ ಯಾರೂ ಸಾಯಲ್ಲ ಕಣಮ್ಮ. ಅತ್ರೂ ಕೊಡ್ಬೇಡ ಅಂತ ನೀನೇ ಅಂದಿದ್ದು," ಎಂದೆ.

ನಿಜ ಹೇಳುತ್ತೇನೆ, ಹಾಗನ್ನುವಾಗ ಒಳಗೊಳಗೇ ಹೆಮ್ಮೆಯಾಯಿತು. ಮನೆಯಲ್ಲಿ ಯಾರಿಗೂ ಇಲ್ಲವೆನ್ನಲಾರದವಳು ಇಲ್ಲಿ ಅಂದಿದ್ದೆ! ಅವಳು ಅಳಲಿಲ್ಲ, ಕಿಟಕಿ ಕಡೆ ತಿರುಗಿ ಕೂತಳು. ಮಾರನೆಯ ದಿನ ಎಂದಿನಂತೆ ಜಾಗ ಹಿಡಿದಿದ್ದಳು.

ಹದಿನೈದು ದಿನಕ್ಕೆ, ಒಂದು ಭಾನುವಾರ ಬೆಳಗ್ಗೆ, ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯವರು ಮುಂಗಡ ಕಟ್ಟಿ ಎಂದರು. ನನ್ನ ದುಡ್ಡು ಕೋರಮಂಡಲ್‌ನಲ್ಲಿ, ಅವಳು ಫೋನ್ ಎತ್ತುತ್ತಿಲ್ಲ. ಅವಳ ದುಡ್ಡು ನನ್ನ ಟ್ರಂಕಿನಲ್ಲೇ ಇತ್ತು. ಎರಡೂ ಒಂದೇ ಮೊತ್ತ ತಾನೆ, ನನ್ನದನ್ನು ಅವಳೇ ಇಟ್ಟುಕೊಳ್ಳಲಿ ಎಂದುಕೊಂಡು ತೆಗೆದು ಕಟ್ಟಿದೆ. ಆಪರೇಷನ್ ಆಯಿತು.

ನಾಲ್ಕು ದಿನ ಬಿಟ್ಟು ರೈಲು ಹತ್ತಿದಾಗ ಕಳ್ಳಿಯ ಹಾಗೆ ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವಳು ಬಿಚ್ಚುತ್ತಿದ್ದ ಡಬ್ಬಿಯನ್ನು ಮತ್ತೆ ಮುಚ್ಚಿದಳು.

"ನಿಂದು ಇಲ್ಲ ಅಕ್ಕಾ. ಆಗ್ಲೇ ಶೀಟ್ ಆಕ್ಸ್‌ಬಿಟ್ಟೆ. ಎನ್ನ ಪಣ್ರದು, ಏನ್ ಮಾಡ್ಲಿ, ಮಕ್ಳು ಕೊಡೆ ಇಡ್ಕೊಂಡು ಮಲಗ್ತಿದ್ವು."

ನೋಡಿದರೆ ಇಬ್ಬರೂ ಸಮ. ನಾನು ಅವಳದನ್ನು ಮುಗಿಸಿದೆ, ಅವಳು ನನ್ನದನ್ನು. ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ. ಆದರೂ ವೈಟ್‌ಫೀಲ್ಡ್ ದಾಟುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ನಾನು ಮಾಡಿದ್ದು ಗತಿಯಿಲ್ಲದೆ, ಅವಳು ಮಾಡಿದ್ದು ಮೋಸ ಎಂದೇ ಮನಸ್ಸು ವಾದಿಸುತ್ತಿತ್ತು. ಕೊನೆಗೆ ತಡೆಯದೆ, "ನಂಗೊಂದು ಮಾತು ಯೇಳ್ಬಾರ್ದಾಗಿತ್ತಾ?" ಎಂದೆ.

"ಯೇಳಿದ್ನಲ್ಲ ಅಕ್ಕಾ," ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು.

ಈಗಲೂ ಪಕ್ಕಪಕ್ಕದಲ್ಲೇ ಕೂರುತ್ತೇವೆ, ಚಿತ್ರಾನ್ನ ಹಂಚಿಕೊಳ್ಳುತ್ತೇವೆ. ಶನಿವಾರ ಬಂದರೆ ಮಾತ್ರ ಇಬ್ಬರೂ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತೇವೆ. ಅವರವರ ದುಡ್ಡು ಅವರವರ ಹತ್ತಿರ. ನನ್ನದು ಬುಧವಾರದವರೆಗೂ ಬಾಳುವುದಿಲ್ಲ. ಅತ್ತೆ ಇನ್ನೂ ಗೋಡೆ ಹಿಡಿದು ನಡೆಯುತ್ತಾರೆ, ಮತ್ತೆ ಬಿದ್ದರೆ ಮನೆಯಲ್ಲಿ ಏನೂ ಇಲ್ಲ. ಎಲ್ಲ ಹೊಸದಾಗಿ ಶುರುಮಾಡುವ ತ್ರಾಣವೂ ಉಳಿದಿಲ್ಲ, ಸಾಕಾಗಿದೆ. ಆದರೂ ಮಾಡಲೇಬೇಕು. ಮತ್ತೆ ಇಟ್ಟುಕೊಳ್ಳುತ್ತೀಯಾ ಎಂದು ಕೇಳಬೇಕಾದವಳು ನಾನೇ. ಅವಳು ಇಲ್ಲ ಅಂದುಬಿಟ್ಟರೆ?