ಮೂರು ವರ್ಷದ ಪರಿಚಯ
ಕ್ವೀನ್ಸ್‌ಬರಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ವಿಜಯಪುರದ ನೀಲಕ್ಕ, ಹೊಸ ಕನ್ನಡಿಗರು ಸಿಕ್ಕ ತಕ್ಷಣ ಡೈರಿಯಲ್ಲಿ ಹೆಸರು, ತಾರೀಖು ಬರೆದುಕೊಳ್ಳುತ್ತಾಳೆ. “ಬ್ರಿಟಿಷ್ ಪೌರತ್ವದ ಅರ್ಜಿಗೆ ಮೂರು ವರ್ಷದಿಂದ ಬಲ್ಲವರ ಸಹಿ ಬೇಕ್ರಿ. ಇವತ್ತಿಂದ ನಮ್ಮ ಪರಿಚಯ ಶುರು ಆತು!” ಸುಳ್ಳು ಸಹಿ ಹಾಕುವ ಹೆಂಗಸಲ್ಲ, ಅದಕ್ಕೇ ಮೂರು ವರ್ಷವೂ ರೊಟ್ಟಿಬುತ್ತಿ ಹಿಡಿದು ಅವರ ಮನೆಗೇ ಬಂದು ಗಂಡನ ಗೊರಕೆ, ಮಗುವಿನ ಹಲ್ಲು, ಅತ್ತೆಯ ಮಂಡಿನೋವು ವಿಚಾರಿಸುತ್ತಾಳೆ. ಪೌರತ್ವ ಕೊಡುವ ಹೋಮ್ ಆಫೀಸಿನವರು ಫೋನ್ ಮಾಡಿದರೆ ತಡವರಿಸಬಾರದಲ್ಲ! ಮೊನ್ನೆ ಮೂರು ವರ್ಷ ತುಂಬಿಸಿ ಅರ್ಜಿ ತಂದ ಸಂಗಮೇಶ, “ನಿಮ್ಮ ಅರ್ಜಿಗೆ ಯಾರು ಸಹಿ ಹಾಕಿದ್ರು ಅಕ್ಕಾ?” ಎಂದ. ನೀಲಕ್ಕ ಸಹಿಯ ಶಾಯಿಯನ್ನು ಊದಿ ಒಣಗಿಸುತ್ತಾ ಹೇಳಿದಳು: “ಈ ದೇಶಕ್ಕ ಬಂದು ಎಂಟು ವರ್ಷ ಆಗಿತ್ತೋ ತಮ್ಮಾ. ನನ್ನ ಮೂರು ವರ್ಷದಿಂದ ಬಲ್ಲವ್ರು ಒಬ್ಬರೂ ಸಿಗಲಿಲ್ಲ. ಅವತ್ತು ಎದುರುಮನಿ ಟೀಚರಮ್ಮಗ ಮೊದಲ ಸಲ ಗುಡ್ ಮಾರ್ನಿಂಗ್ ಅಂದು, ದಿನ ಎಣಸಾಕ ಹತ್ತಿದೆ.”