ಪಕ್ಕದ ಮನೆಯ ಗಾಯಕನ ಕಷ್ಟಗಳು

ಮಿಲ್ಪಿಟಾಸಿನಲ್ಲಿ ನಮ್ಮ ಪಕ್ಕದ ಮನೆಯ ಮುದುಕ, ಅಮೆರಿಕನ್ನರ ಹಳ್ಳಿಗಾಡಿನ ಗೋಳಿನ ಹಾಡುಗಳಾದ ಕಂಟ್ರಿ ಸಂಗೀತದ ಗಾಯಕ. ವಯಸ್ಸಿನಲ್ಲಿ ಊರೂರಿನ ಬಾರುಗಳಲ್ಲಿ ಹಾಡಿ, ಒಂದೇ ಒಂದು ರೆಕಾರ್ಡು ತಂದವನು. ಅದರ ಪ್ರತಿಗಳು ಹೆಚ್ಚುಕಡಿಮೆ ಎಲ್ಲವೂ ಅವನ ಗರಾಜಿನಲ್ಲೇ ಇದ್ದವು. ಆಮೇಲೆ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ. ಸಂಜೆ ಗರಾಜಿನ ಬಾಗಿಲೆತ್ತಿ ಗಿಟಾರು ಹಿಡಿದು ಕೂತರೆ ಬೀದಿಗೆಲ್ಲ ಅವನಿಗೆ ಕೇಳುಗರೆಂದು ಇದ್ದವಳು ಒಬ್ಬಳೇ, ಮಂಡ್ಯದಿಂದ ಬಂದಿದ್ದ ನಮ್ಮವ್ವ.

"ಏನಂತೆ ಇವತ್ತಿನ ಹಾಡು?" ಎಂದು ಅವ್ವ ಕೇಳುವಳು. ನಾನು ಅಡುಗೆಮನೆಯಿಂದಲೇ ಸಾರಾಂಶ ಒಪ್ಪಿಸುತ್ತಿದ್ದೆ. ಹೆಂಡತಿ ಬಿಟ್ಟುಹೋದಳು, ನಾಯಿ ಸತ್ತಿತು, ಟ್ರಕ್ಕು ಕೆಟ್ಟು ನಿಂತಿತು, ಜೈಲಾಯಿತು. ಅಷ್ಟೂ ಅವನ ಸ್ವಂತ ಕಥೆಯೆಂದೇ ಅವ್ವ ನಂಬಿದಳು.

"ಪಾಪ, ಒಂದಿನಾನೂ ಸುಖ ಕಂಡಿಲ್ವಲ್ಲ," ಎಂದು ಮುದ್ದೆ, ಬಸ್ಸಾರು ಕಳಿಸಿದಳು. ಮನೆಯಲ್ಲೇ ಇದ್ದ ಹೆಂಡತಿಯನ್ನು ತೋರಿಸಿದರೆ, "ಇವ್ಳು ಎರಡ್ನೇವ್ಳು ಇರ್ಬೇಕು," ಎಂದಳು. ಆತ ಮುದ್ದೆಯನ್ನು ಅಗಿದಗಿದು ತಿಂದು, ಮರುದಿನ ಇನ್ನೂ ದುಃಖದ ಹಾಡು ಹಾಡಿದ.

ಒಂದು ಮಂಗಳವಾರ ಎದೆನೋವು ಬಂದು ತೀರಿಕೊಂಡ.

ಶ್ರದ್ಧಾಂಜಲಿ ಅವರ ಹಿತ್ತಲಲ್ಲೇ ನಡೆಯಿತು. ಹಳೆಯ ಗೆಳೆಯರು ತಮಾಷೆ ಹೇಳಿಕೊಂಡು ನಗುತ್ತಿದ್ದರು. ಹೆಂಡತಿ ಮುಗುಳ್ನಗುತ್ತ ಎಲ್ಲರಿಗೂ ಆಲೂಗಡ್ಡೆ ಸಲಾಡು ಬಡಿಸುತ್ತಿದ್ದಳು. ಆತ ಸತ್ತಾಗಿನಿಂದ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

"ಹಿಂಗೇ ತಡ್ಕಂಡಿದ್ರೆ ಎದೆ ಒಡ್ದೋಯ್ತದೆ ಕಣೆ. ಯಾರಾರ ಶುರು ಮಾಡ್ಬೇಕು," ಎಂದಳು ಅವ್ವ. ನಾನು ಸೆರಗು ಹಿಡಿದು ಎಳೆಯುವಷ್ಟರಲ್ಲಿ ಅವನ ಹೆಂಡತಿಯ ಪಕ್ಕ ನಿಂತು, ನಮ್ಮೂರ ಸಾವಿನ ಮನೆಗಳಲ್ಲಿ ಹೆಂಗಸರು ಹಾಡಿಕೊಂಡು ಅಳುವಂತೆ ರಾಗ ಎಳೆದೇಬಿಟ್ಟಳು.

"ಅಯ್ಯೋ ನನ್ನಪ್ಪಾ! ಮೊದ್ಲ ಹೆಂಡ್ರು ಬುಟ್ಟೋದ್ರೂ ಹಾಡ್ದೆ, ಜೈಲ್ಗೋದ್ರೂ ಹಾಡ್ದೆ, ಇನ್ನೆಲ್ಲಿ ಹುಡುಕ್ಲಪ್ಪಾ..."

ಎಲ್ಲರೂ ತಟ್ಟೆ ಹಿಡಿದೇ ನಮ್ಮತ್ತ ತಿರುಗಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅವ್ವ ಏನು ಹೇಳುತ್ತಿದ್ದಾಳೆಂದು ಅವನ ಹೆಂಡತಿ ನನ್ನನ್ನೇ ಕೇಳಿದಳು. ಆ ಹೊತ್ತಿಗೆ ಒಂದು ಒಳ್ಳೆಯ ಸುಳ್ಳೂ ಹೊಳೆಯಲಿಲ್ಲ. ಮೊದಲ ಹೆಂಡತಿಯ ಸಮೇತ ಎಲ್ಲವನ್ನೂ ಒಪ್ಪಿಸಿದೆ.

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವನಿಗೆ ಇದ್ದವಳು ನಾನೊಬ್ಬಳೇ. ನಲವತ್ತು ವರ್ಷ ಪ್ರತಿ ಹಾಡಿನಲ್ಲೂ ಅವನನ್ನು ಬಿಟ್ಟುಹೋದವಳು ನಾನೇ," ಎಂದಳು. ಆಮೇಲೆ ಸೌಟು ಕೆಳಗಿಟ್ಟು, "ಈಗ ನೋಡು, ಅವನೇ ಹೋಗಿಬಿಟ್ಟ," ಎಂದಳು. ಅವ್ವನ ಹೆಗಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.

ಅವ್ವ ಅವಳ ಬೆನ್ನು ಸವರುತ್ತಲೇ ನನ್ನತ್ತ ಕಣ್ಣು ಬಿಟ್ಟಳು. "ನೋಡ್ತಾ ನಿಂತಿದ್ದೀಯಲ್ಲ. ಗಂಡನ್ನ ಕಳ್ಕಂಡು ಅಳೋಳ ಕೈಲಿ ಬಡಿಸ್ಕೊಂಡು ತಿಂತಾರೇನೆ? ಸೌಟು ತಕ್ಕೋ."

ನಾನು ಕಣ್ಣೊರೆಸಿಕೊಂಡು ಬಡಿಸಲು ಹೊರಟೆ.